ಚಿಕ್ಕ ಗೊಂಬೆಗೆ ಎಂಥ ಕುಂಚ?

ದೀಪಾವಳಿಯ ರಜೆ ಬಂದಿತೆಂದರೆ ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಓಣಿಗಳಲ್ಲಿ ಕಲ್ಲು ಮಣ್ಣು ಹೊರುವ ಹುಡುಗರ ಗದ್ದಲ ಏಳುತ್ತದೆ. ಮಹಾರಾಷ್ಟ್ರದ ಉಳಿದ ಮಕ್ಕಳಂತೆ ನಮ್ಮ ಕನ್ನಡ ಶಾಲೆಯ ಮಕ್ಕಳೂ ಮನೆಯ ಅಂಗಳದಲ್ಲಿ ಕಿಲ್ಲೆ ಕಟ್ಟುತ್ತಾರೆ. ಮಣ್ಣಿನ ಗುಡ್ಡದ ಮೇಲೆ ಸಾಸಿವೆ ಎರಚಿ ನೀರು ಚಿಮುಕಿಸಿದರೆ ಕೆಲವೇ ದಿನಗಳಲ್ಲಿ ಗುಡ್ಡ ಹಸಿರಾಗುತ್ತದೆ. ನೆತ್ತಿಯಲ್ಲಿ ಸಿಂಹಾಸನದ ಮೇಲೆ ಶಿವಾಜಿ ಮಹಾರಾಜರು, ಬುರುಜುಗಳಲ್ಲಿ ಮಾವಳೆ ಸೈನಿಕರು, ಬಾಗಿಲಲ್ಲಿ ತೋಪು, ತಪ್ಪಲಲ್ಲಿ ಹಸು ಕರು. ಈ ಗೊಂಬೆಗಳು ಪೇಟೆಯಲ್ಲಿ ಬಣ್ಣ ಹಚ್ಚಿಯೇ ಸಿಗುತ್ತವೆ. ಆದರೆ ಅದು ನೂರಾರು ಗೊಂಬೆಗಳಿಗೆ ಒಂದೇ ಬೀಸಿನಲ್ಲಿ ಹಚ್ಚಿದ ಬಣ್ಣ. ಒಬ್ಬ ಸೈನಿಕನ ಮೀಸೆ ಕಿವಿಗೆ ಹತ್ತಿರುತ್ತದೆ, ಇನ್ನೊಬ್ಬನ ಒಂದು ಕಣ್ಣು ಹಣೆಯಲ್ಲಿರುತ್ತದೆ. ಆದುದರಿಂದ ಕೈಯಲ್ಲಿ ಸ್ವಲ್ಪ ಕಲೆಯುಳ್ಳ ಹುಡುಗ ಹುಡುಗಿಯರು ಬಣ್ಣವಿಲ್ಲದ ಗೊಂಬೆಗಳನ್ನು ತಂದು, ಇಲ್ಲವೆ ಹೋದ ವರ್ಷದ ಗೊಂಬೆಗಳನ್ನು ತೊಳೆದು, ತಾವೇ ಬಣ್ಣ ಹಚ್ಚಲು ತೊಡಗುತ್ತಾರೆ.

ಇಂಥವರು ಚಿತ್ರಕಲೆಯ ತಾಸಿನಲ್ಲಿ ಕೇಳುವ ಮೊದಲನೆಯ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸರ್, ಎಲ್ಲಕ್ಕಿಂತ ಸಣ್ಣ ಬ್ರಶ್ ಯಾವುದ್ರಿ?"

ಪ್ರಶ್ನೆ ಸಹಜವಾದುದೇ. ಮೂರು ಅಂಗುಲದ ಗೊಂಬೆ ಎಂದರೆ ಸುಮಾರು 75 ಮಿಲಿಮೀಟರ್. 165 ಸೆಂಟಿಮೀಟರ್ ಎತ್ತರದ ಮನುಷ್ಯನನ್ನು ಅಷ್ಟಕ್ಕೆ ಇಳಿಸಿದರೆ ಅವನ ಅಂಗಾಂಗಗಳೆಲ್ಲ 22 ಪಟ್ಟು ಕಿರಿದಾಗಬೇಕು. ನಮ್ಮ ತೆರೆದ ಕಣ್ಣಿನ ಅಗಲ ಸುಮಾರು 3 ಸೆಂಟಿಮೀಟರ್. ಗೊಂಬೆಯ ಮುಖದಲ್ಲಿ ಅದು ಒಂದೂವರೆ ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಕಣ್ಣಿನೊಳಗಿನ ಕರಿಯ ಬೊಟ್ಟು ಅರ್ಧ ಮಿಲಿಮೀಟರು. ಇದನ್ನು ನೋಡಿದ ಹುಡುಗ ಅಂಗಡಿಗೆ ಹೋಗಿ ಮೂರು ಸೊನ್ನೆಯ ಕುಂಚವನ್ನೋ ಐದು ಸೊನ್ನೆಯ ಕುಂಚವನ್ನೋ ಕೇಳಿದರೆ ಆಶ್ಚರ್ಯವೇನು? ಆದರೂ ಅವನು ಕೇಳಬೇಕಾದದ್ದು ಸಣ್ಣ ಕುಂಚವನ್ನಲ್ಲ, ಚೂಪಾದ ಕುಂಚವನ್ನು. ಇವೆರಡೂ ಬೇರೆ ಬೇರೆ.

ಅದು ಹೇಗೆಂದು ನೋಡೋಣ. ಕುಂಚವನ್ನು ಬಣ್ಣದಲ್ಲಿ ಅದ್ದಿದಾಗ ಕೂದಲುಗಳ ನಡುವಿನ ಸಂದುಗಳಲ್ಲಿ ಬಣ್ಣ ಏರಿ ನಿಲ್ಲುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಇದೇ ರೀತಿಯಿಂದ. ವಿಜ್ಞಾನದ ಪುಸ್ತಕದಲ್ಲಿ ಇದಕ್ಕೆ ಲೋಮನಾಳ ಕ್ರಿಯೆ ಎಂದು ಹೆಸರು. ಕುಂಚದ ನಡುಭಾಗ ಉಬ್ಬಿರುತ್ತದಲ್ಲ, ಅದನ್ನು ಹೊಟ್ಟೆ ಎನ್ನೋಣ. ಹೊಟ್ಟೆಯೇ ಬಣ್ಣದ ಉಗ್ರಾಣ. ಮೊನೆ ಆ ಉಗ್ರಾಣದಿಂದ ಬಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಗೊಂಬೆಗೆ ಇಳಿಸುತ್ತದೆ. ಈಗ ಕುಂಚದ ಉದ್ದ, ಅಗಲ, ದಪ್ಪ ಮೂರನ್ನೂ ಅರ್ಧಕ್ಕೆ ಇಳಿಸಿರಿ. ಗಣಿತದಲ್ಲಿ ಘನಫಲವನ್ನು ಕಲಿತವರಿಗೆ ಉತ್ತರ ಗೊತ್ತು: ಅದು ಹಿಡಿಯುವ ಬಣ್ಣ ಅರ್ಧವಾಗುವುದಿಲ್ಲ, ಎಂಟನೆಯ ಒಂದು ಪಾಲಾಗುತ್ತದೆ. ಗಾಳಿಗೆ ತೆರೆದಿರುವ ಹೊರಮೈ ಮಾತ್ರ ನಾಲ್ಕನೆಯ ಒಂದು ಪಾಲಾಗುತ್ತದೆ. ಅಂದರೆ ಇರುವ ಬಣ್ಣದ ಲೆಕ್ಕದಲ್ಲಿ ಆರುವ ಮೈ ಇಮ್ಮಡಿಯಾಯಿತು. ಮಳೆಗಾಲ ಮುಗಿದ ಮೇಲೆ ನಮ್ಮ ಕಡೆಯ ಹವೆ ಎಷ್ಟು ಒಣಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ತೀರ ಸಣ್ಣ ಕುಂಚದಲ್ಲಿಯ ಬಣ್ಣ ತಟ್ಟೆಯಿಂದ ಗೊಂಬೆಯ ಕಣ್ಣಿಗೆ ಮುಟ್ಟುವುದರೊಳಗೆ ಮೊನೆಯ ಮೇಲೆಯೇ ಆರಿ ಅಂಟಾಗಿರುತ್ತದೆ. ಅದನ್ನು ಇಳಿಸಲು ಹುಡುಗ ಕುಂಚವನ್ನು ಒತ್ತುತ್ತಾನೆ. ಒತ್ತಿದೊಡನೆ ಮೊನೆ ಒಡೆಯುತ್ತದೆ, ಕಣ್ಣು ಕೆನ್ನೆಗೆ ಹರಡುತ್ತದೆ.

ಆದ್ದರಿಂದ ಹೊಟ್ಟೆ ತುಂಬಿದ, ಆದರೆ ತುದಿ ಒಂದೇ ಕೂದಲಿನಷ್ಟಕ್ಕೆ ಕೂಡುವ ಕುಂಚ ಬೇಕು. ಒಂದನೆಯ ನಂಬರಿನ ಒಳ್ಳೆಯ ದುಂಡು ಕುಂಚ ಇದ್ದರೆ ಮೂರು ಅಂಗುಲದ ಗೊಂಬೆಯ ಪಗಡಿ, ಅಂಗಿ, ಸೊಂಟಪಟ್ಟಿ, ಮೀಸೆ, ಹುಬ್ಬು ಇವೆಲ್ಲವೂ ಅದರಲ್ಲಿಯೇ ಆಗುತ್ತವೆ. ಇಂಗ್ಲೆಂಡಿನಲ್ಲಿ ವಿಲಿಯಂ ಬ್ರಿಟನ್ ಎಂಬವರ ಮನೆತನದವರು 1893ರಲ್ಲಿ ಒಳಗೆ ಪೊಳ್ಳಾದ ಸೀಸದ ಸೈನಿಕರನ್ನು ಎರಕ ಹೊಯ್ಯಲು ಪ್ರಾರಂಭಿಸಿದರು. ಅವರ ಕಾಲಾಳಿನ ಎತ್ತರ 54 ಮಿಲಿಮೀಟರು. ನಮ್ಮ ಮಾವಳೆಗಿಂತ ಚಿಕ್ಕವನು. ಮುಂದೆ ಅದಕ್ಕಿಂತಲೂ ಚಿಕ್ಕವು, ಈಗ 28 ಮಿಲಿಮೀಟರಿನವು ಬಂದಿವೆ. ಇವುಗಳಿಗೆ ಬಣ್ಣ ಹಚ್ಚುವುದನ್ನೇ ಹವ್ಯಾಸ ಮಾಡಿಕೊಂಡ ದೊಡ್ಡವರು ಆ ದೇಶಗಳಲ್ಲಿ ಬಹಳ ಇದ್ದಾರೆ. ಹೆಬ್ಬೆರಳಿನ ಉದ್ದದ ಆ ಗೊಂಬೆಗಳಿಗೂ ಅವರಲ್ಲಿ ಅನುಭವಿಗಳು ಹೆಚ್ಚಾಗಿ ಒಂದು, ಎರಡು ನಂಬರಿನ ಕುಂಚಗಳನ್ನೇ ಕೈಗೆ ತೆಗೆದುಕೊಳ್ಳುತ್ತಾರೆ.

ನಂಬರಿನ ಬಗ್ಗೆ ಒಂದು ಮಾತು. ಸೊನ್ನೆಗಳು ಹೆಚ್ಚಿದಂತೆ ಕುಂಚ ಕಿರಿದು, ಅಂಕಿ ಹೆಚ್ಚಿದಂತೆ ಹಿರಿದು. ಆದರೆ ಎಲ್ಲ ಕಾರಖಾನೆಗಳಿಗೂ ಅನ್ವಯಿಸುವ ಒಂದೇ ಅಳತೆ ಇಲ್ಲ. ಒಬ್ಬರ ಒಂದು ನಂಬರು ಇನ್ನೊಬ್ಬರ ಎರಡು ನಂಬರಿನಷ್ಟು ದಪ್ಪವಿರಬಹುದು. ಹಿಡಿಯ ಮೇಲಿನ ಅಂಕಿಗಿಂತ ಕಣ್ಣನ್ನು ಹೆಚ್ಚು ನಂಬಬೇಕು.

ಮೊನೆ ಎಲ್ಲಿಂದ ಬರುತ್ತದೆ? ಕತ್ತರಿಯಿಂದಲ್ಲ. ಪ್ರಾಣಿಯ ಕೂದಲು ತುದಿಗೆ ಹೋದಂತೆ ತಾನೇ ಸಪೂರಾಗುತ್ತದೆ. ಕುಂಚ ಮಾಡುವವರು ಆ ತುದಿಯನ್ನು ಎಂದೂ ಕತ್ತರಿಸುವುದಿಲ್ಲ. ಪುಟ್ಟ ಬಟ್ಟಲಿನಂಥ ಅಚ್ಚಿನಲ್ಲಿ ಕೂದಲುಗಳನ್ನು ತುದಿ ಕೆಳಗೆ ಮಾಡಿ ನಿಲ್ಲಿಸಿ, ಮೆಲ್ಲಗೆ ಕುಟ್ಟಿ ಕುಟ್ಟಿ ಮೊನೆ ಕೂಡಿಸುತ್ತಾರೆ. ಆಮೇಲೆ ಬುಡಕ್ಕೆ ದಾರ ಬಿಗಿದು, ಲೋಹದ ಕೊಳವೆಯಲ್ಲಿ ತೂರಿಸಿ ಎಳೆದು, ಬುಡದ ಕಡೆಗೆ ಹೆಚ್ಚಾದುದನ್ನು ಕತ್ತರಿಸಿ, ಅಂಟು ಹಾಕಿ, ಮರದ ಹಿಡಿ ಸೇರಿಸಿ ಕೊಳವೆಯನ್ನು ಒತ್ತುತ್ತಾರೆ. ಹಳೆಯ ಕುಂಚದ ತುದಿಯನ್ನು ಬ್ಲೇಡಿನಿಂದ ಸವರಿ ಚೂಪು ಮಾಡಲು ಹೋಗುವ ಹುಡುಗರು ಇದನ್ನು ನೆನಪಿಡಬೇಕು. ಸವರಿದ ಕೂದಲು ಮೊಂಡು. ಅದು ಕಸಬರಿಗೆಯಾಗುತ್ತದೆಯೇ ಹೊರತು ಕುಂಚವಾಗುವುದಿಲ್ಲ.

ಯಾವ ಪ್ರಾಣಿಯ ಕೂದಲು ಎಂಬುದರ ಮೇಲೆ ಕುಂಚದ ಗುಣ ನಿಲ್ಲುತ್ತದೆ. ನಮ್ಮ ದೇಶದ ಮೊಗಲ, ರಾಜಸ್ಥಾನಿ ಚಿಕ್ಕಚಿತ್ರಗಳನ್ನು ಬರೆದ ಚಿತ್ರಕಾರರು ಅಳಿಲಿನ ಬಾಲದ ಕೂದಲನ್ನು ಹಕ್ಕಿಯ ಗರಿಯ ಕೊಳವೆಯಲ್ಲಿ ಸೇರಿಸಿ ಕುಂಚ ಮಾಡಿಕೊಳ್ಳುತ್ತಿದ್ದರು. ಮೈಸೂರು ಶೈಲಿಯ ಚಿತ್ರಕಾರರೂ ಸೂಕ್ಷ್ಮ ಕೆಲಸಕ್ಕೆ ಅಳಿಲಿನ ಕೂದಲನ್ನೇ ಬಳಸುತ್ತಿದ್ದರು. ಆ ಕೂದಲು ಮೃದು, ನೀರನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಬಾಗಿದರೆ ಬೇಗ ನೆಟ್ಟಗಾಗುವುದಿಲ್ಲ. ಸಪಾಟಾದ ಕಾಗದದ ಮೇಲೆ ನಡೆಯುವ ಕೈಗೆ ಅದು ಸರಿ. ಗೊಂಬೆಯ ಮೈ ಮಾತ್ರ ಏರುತಗ್ಗು. ಅಲ್ಲಿ ಕುಂಚ ಬಾಗಬೇಕು, ಎತ್ತಿದ ಕೂಡಲೆ ಚಿಮ್ಮಿ ನೆಟ್ಟಗಾಗಬೇಕು.

ಈ ಎರಡೂ ಗುಣ ಒಟ್ಟಿಗಿರುವುದು ಕೊಲಿನ್ಸ್ಕಿ ಎಂಬ ಹೆಸರಿನಿಂದ ಮಾರುವ ಕುಂಚದಲ್ಲಿ. ಸೈಬೀರಿಯಾ ಮೊದಲಾದ ಚಳಿಸೀಮೆಗಳಲ್ಲಿ ಮುಂಗುಸಿಯನ್ನು ಹೋಲುವ ವೀಸಲ್ ಎಂಬ ಪ್ರಾಣಿಯುಂಟು. ಅದರ ಬಾಲದ ಕೂದಲು ನಡುವೆ ದಪ್ಪ, ತುದಿಗೆ ಅತಿ ಸಪೂರ. ಇಂಥ ಕೂದಲುಗಳು ಕೂಡಿದಾಗ ಹೊಟ್ಟೆಯೂ ಮೊನೆಯೂ ತಾವಾಗಿಯೇ ಆಗುತ್ತವೆ. ವಿಕ್ಟೋರಿಯಾ ರಾಣಿಯ ಅಪ್ಪಣೆಯಂತೆ 1866ರಲ್ಲಿ ವಿನ್ಸರ್ ಅಂಡ್ ನ್ಯೂಟನ್ ಕಂಪನಿಯವರು ಈ ಕೂದಲಿನಿಂದ ಮಾಡಿಕೊಟ್ಟ ಜಲವರ್ಣದ ಕುಂಚಗಳ ಸರಣಿಗೆ ರಾಣಿ ಮೆಚ್ಚಿದ ನಂಬರು ಏಳು ಎಂಬುದರಿಂದ ಏಳನೆಯ ಸರಣಿ ಎಂದೇ ಹೆಸರಾಯಿತು. ಸೀಸದ ಸೈನಿಕರಿಗೆ ಬಣ್ಣ ಹಚ್ಚುವ ವಿಲಾಯತಿ ಹವ್ಯಾಸಿಗಳು ಇಂದಿಗೂ ಅದನ್ನು ಹೊಗಳುತ್ತಾರೆ. ನಮಗೆ ಅದು ಬೇಡ. ಅಂಥ ಒಂದು ಕುಂಚದ ಬೆಲೆಯಲ್ಲಿ ಇಡೀ ವರ್ಗಕ್ಕೆ ನೈಲಾನ್ ಕುಂಚ ಬರುತ್ತವೆ. ಅದೂ ಅಲ್ಲದೆ ಈ ಪ್ರಾಣಿ ನಮ್ಮ ಹಿಮಾಲಯದಲ್ಲಿಯೂ ಇದೆ. ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರದ ಒಪ್ಪಂದದ ಪಟ್ಟಿಯಲ್ಲಿ ಭಾರತವೇ ಅದನ್ನು ಸೇರಿಸಿದ್ದರಿಂದ 2013ರಲ್ಲಿ ಅಮೆರಿಕೆಗೆ ಹೋಗುವ ಕೊಲಿನ್ಸ್ಕಿ ಕುಂಚಗಳು ಕಾಗದಪತ್ರದ ತೊಡಕಿಗೆ ಸಿಕ್ಕಿಕೊಂಡವು.

ಇಂಗ್ಲಿಷ್ ಪುಸ್ತಕಗಳಲ್ಲಿ ಬರುವ ಒಂಟೆಗೂದಲಿನ ಕುಂಚ ಎಂಬುದರಲ್ಲಿ ಒಂಟೆಯ ಒಂದು ಕೂದಲೂ ಇರುವುದಿಲ್ಲ. ಅಳಿಲು, ಮೇಕೆ, ಕುದುರೆ ಇವುಗಳ ಅಗ್ಗದ ಕೂದಲಿಗೆ ವ್ಯಾಪಾರಿಗಳು ಇಟ್ಟ ಹೆಸರು ಅದು. ತಳಬಣ್ಣ ಬಳಿಯಲು ಸಾಕು, ಕಣ್ಣು ಬರೆಯಲು ಬಾರದು.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಪ್ರಾಣಿ ಮುಂಗುಸಿ. ಹೊಲದ ಬದುವಿನಲ್ಲಿ ಅದು ಸರಕ್ಕನೆ ದಾಟಿಹೋದುದನ್ನು ನೀವೆಲ್ಲರೂ ನೋಡಿದ್ದೀರಿ. ಬೆಳಿಗ್ಗೆ ಮುಂಗುಸಿ ಕಂಡರೆ ಒಳ್ಳೆಯದಾಗುತ್ತದೆಂದು ಅಜ್ಜಿ ಹೇಳುತ್ತಾಳೆ. ಒಳ್ಳೆಯದಾಗುವುದಂತೂ ನಿಜ, ಇಲಿ ಹಾವುಗಳನ್ನು ತಿಂದು ಹೊಲವನ್ನು ಕಾಯುತ್ತದೆ. ಅದರ ಬಿರುಸಾದ ಕೂದಲಿನಿಂದ ಬಹಳ ಒಳ್ಳೆಯ ಕುಂಚಗಳಾಗುತ್ತವೆ, ಅದೇ ಅದಕ್ಕೆ ಶಾಪ. ಮುಂಗುಸಿಯನ್ನು ಸಾಕಿ ಕೂದಲು ಕತ್ತರಿಸುವವರು ಯಾರೂ ಇಲ್ಲ. ಬಲೆ ಹಾಕಿ ಹಿಡಿದು, ಕೊಂದು, ಕೂದಲು ತೆಗೆಯುತ್ತಾರೆ. ಒಂದು ಕಿಲೋ ಕೂದಲಿಗೆ ಹತ್ತಾರು ಪ್ರಾಣಿಗಳು ಸಾಯಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯದೆಯ ಕೆಳಗೆ ಮುಂಗುಸಿಗೆ ರಕ್ಷಣೆಯುಂಟು; 2002ರಲ್ಲಿ ಅದನ್ನು ಇನ್ನೂ ಬಿಗಿಗೊಳಿಸಿದರು. ಕೊಲ್ಲುವುದಷ್ಟೇ ಅಲ್ಲ, ಅದರ ಕೂದಲಿನ ಕುಂಚ ಮಾಡುವುದೂ ಮಾರುವುದೂ ಅಪರಾಧ. ಆದರೂ ವ್ಯಾಪಾರ ನಿಲ್ಲಲಿಲ್ಲ. 2019ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರದ ವನ್ಯಜೀವಿ ಅಪರಾಧ ನಿಯಂತ್ರಣ ವಿಭಾಗದವರು ಹಲವು ರಾಜ್ಯಗಳಲ್ಲಿ ಒಂದೇ ವೇಳೆಗೆ ದಾಳಿ ಮಾಡಿ ಸಾವಿರಾರು ಕುಂಚಗಳನ್ನೂ ಕೂದಲಿನ ಮೂಟೆಗಳನ್ನೂ ಹಿಡಿದರು. ದಾಳಿ ನಡೆದ ಊರುಗಳಲ್ಲಿ ನಮ್ಮ ಮಹಾರಾಷ್ಟ್ರದ ಮುಂಬಯಿ, ಪುಣೆಗಳೂ ಇದ್ದವು. ಅಲ್ಲಿಯ ಪೇಟೆಯ ಸಾಮಾನೇ ನಮ್ಮ ಊರಿನ ಅಂಗಡಿಗೆ ಬರುವುದು.

ಗುರುತು ಹಿಡಿಯುವುದು ಹೀಗೆ: ಮುಂಗುಸಿಯ ಕೂದಲು ಒಂದೇ ಬಣ್ಣದ್ದಲ್ಲ. ತುದಿ ಕಡುಗಂದು, ನಡುವೆ ಕೆನೆಬಣ್ಣದ ಪಟ್ಟೆ, ಕೊಳವೆಯ ಹತ್ತಿರ ಮತ್ತೆ ಗಾಢಬಣ್ಣ. ಇಂಥ ಪಟ್ಟೆಯ ಕುಂಚ ಕಂಡರೆ ಅಂಗಡಿಕಾರರನ್ನು ಕೇಳಿರಿ. ನೈಲಾನಿಗೂ ಇದೇ ರೀತಿ ಬಣ್ಣ ಹಾಕಿ ಮಾರುವುದುಂಟು, ಆದ್ದರಿಂದ ಕಂಡ ಕೂಡಲೆ ಅವರ ಮೇಲೆ ಹೊಡೆದು ಬೀಳಬೇಕಾಗಿಲ್ಲ. ಆದರೆ "ಇದು ಯಾವುದರ ಕೂದಲು?" ಎಂಬುದಕ್ಕೆ ಸರಿಯಾದ ಉತ್ತರ ಬಾರದಿದ್ದರೆ ಆ ಕುಂಚವನ್ನು ಅಲ್ಲಿಯೇ ಬಿಟ್ಟು ಬರಬೇಕು. ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳಿಗೆ ಕೂಡ್ರುವ ಮಕ್ಕಳಿಗೂ ಇದೇ ಮಾತು. ಪರೀಕ್ಷೆಯಲ್ಲಿ ಯಾರೂ ಕೂದಲು ನೋಡಿ ಅಂಕ ಕೊಡುವುದಿಲ್ಲ.

ಹಾಗಾದರೆ ಉಳಿದದ್ದು ಕೃತಕ ಎಳೆಯ ಕುಂಚ, ಅಂದರೆ ನೈಲಾನ್ ಮುಂತಾದವು. ಇವುಗಳಿಗೆ ಎರಡು ದೋಷಗಳುಂಟು. ಪ್ರಾಣಿಯ ಕೂದಲಿನ ಮೈಮೇಲೆ ಬರಿಗಣ್ಣಿಗೆ ಕಾಣದ ಹುರುಪೆಗಳಿರುತ್ತವೆ, ಅವು ನೀರನ್ನು ಹಿಡಿಯುತ್ತವೆ. ನೈಲಾನಿನ ಮೈ ನುಣುಪು. ಬಣ್ಣ ಕಡಿಮೆ ನಿಲ್ಲುತ್ತದೆ, ನಿಂತದ್ದೂ ಒಮ್ಮೆಲೇ ಇಳಿಯುತ್ತದೆ. ಎರಡನೆಯದಾಗಿ, ಕೆಲವು ವಾರ ಬಳಸಿದ ಮೇಲೆ ಮೊನೆ ಕೊಕ್ಕೆಯಂತೆ ಒಂದು ಕಡೆಗೆ ಬಾಗುತ್ತದೆ. ಬಾಗಿದ ಮೊನೆಯನ್ನು ಬಿಸಿನೀರಿನಲ್ಲಿ ಒಂದೆರಡು ಕ್ಷಣ ಅದ್ದಿ ಬೆರಳಿನಿಂದ ನೆಟ್ಟಗೆ ಮಾಡಿದರೆ ಮತ್ತಷ್ಟು ದಿನ ಬಾಳುತ್ತದೆ. ಈ ಉಪಾಯ ನೈಲಾನಿಗೆ ಮಾತ್ರ, ಕೂದಲಿನ ಕುಂಚಕ್ಕೆ ಸಲ್ಲದು. ಗುಣವೂ ಇದೆ. ಅಕ್ರಿಲಿಕ್ ಬಣ್ಣವನ್ನಾಗಲಿ, ಟರ್ಪೆಂಟೈನ್ ಬೇಡುವ ಎನಾಮೆಲ್ ಬಣ್ಣವನ್ನಾಗಲಿ ನೈಲಾನು ಕೂದಲಿಗಿಂತ ಚೆನ್ನಾಗಿ ತಾಳುತ್ತದೆ. ಸುಟ್ಟ ಮಣ್ಣಿನ ಇಲ್ಲವೆ ಪ್ಲಾಸ್ಟರಿನ ಒರಟು ಗೊಂಬೆಯ ಮೇಲೆ ದುಬಾರಿ ಕೂದಲನ್ನು ಸವೆಸುವುದು ಹೇಗೂ ಜಾಣತನವಲ್ಲ.

ಅಂಗಡಿಯಲ್ಲಿ ಒಣ ಕುಂಚವನ್ನು ನೋಡಿ ಮೋಸಹೋಗಬೇಡಿರಿ. ಹೊಸ ಕುಂಚಗಳೆಲ್ಲ ಸೂಜಿಯಂತೆ ಚೂಪಾಗಿಯೇ ಕಾಣುತ್ತವೆ, ಏಕೆಂದರೆ ಕಾರಖಾನೆಯವರು ಗೋಂದು ಹಚ್ಚಿ ಮೊನೆ ನಿಲ್ಲಿಸಿರುತ್ತಾರೆ. ಒಂದು ಬಟ್ಟಲು ನೀರು ಕೇಳಿರಿ. ಕೊಡುವುದಿಲ್ಲ ಎನ್ನುವ ಅಂಗಡಿಯಿಂದ ಮುಂದಕ್ಕೆ ನಡೆಯಿರಿ. ನೀರಿನಲ್ಲಿ ಗೋಂದು ಕರಗುವವರೆಗೆ ಅಲ್ಲಾಡಿಸಿ, ಹೊರಗೆ ತೆಗೆದು, ಮಣಿಕಟ್ಟಿನಿಂದ ಒಮ್ಮೆ ಝಾಡಿಸಿರಿ. ನೀರಿನ ಸೆಳೆತಕ್ಕೆ ಕೂದಲುಗಳೆಲ್ಲ ತಾವೇ ಒಂದು ಮೊನೆಯಾಗಿ ಕೂಡಬೇಕು. ಎರಡು ಕವಲಾದರೆ, ಇಲ್ಲವೆ ಒಂದೆರಡು ಕೂದಲು ಹೊರಗೆ ಚಾಚಿದರೆ, ಮುಂದಿನದನ್ನು ನೋಡಿರಿ. ಕೂಡಿದ ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಒತ್ತಿ ಎತ್ತಿರಿ. ನೆಟ್ಟಗಾಗಬೇಕು, ಬಾಗಿಯೇ ಉಳಿಯಬಾರದು. ಕೊಳವೆ ಹಿಡಿಯ ಮೇಲೆ ಅಲುಗುತ್ತದೆಯೋ ನೋಡಿರಿ. ಒಂದೇ ಕಂಪನಿಯ, ಒಂದೇ ನಂಬರಿನ ಹತ್ತು ಕುಂಚಗಳಲ್ಲಿ ಮೂರೋ ನಾಲ್ಕೋ ಈ ಪರೀಕ್ಷೆಗೆ ನಿಲ್ಲುತ್ತವೆ. ಆ ಮೂರರಲ್ಲಿ ಒಂದನ್ನು ಆರಿಸುವ ತಾಳ್ಮೆ ನಿಮಗಿದ್ದರೆ ಅಗ್ಗದ ಕುಂಚದಿಂದಲೂ ಒಳ್ಳೆಯ ಕೆಲಸ ತೆಗೆಯಬಹುದು.

ಎಷ್ಟು ಕುಂಚ ಬೇಕು? ನನ್ನ ಲೆಕ್ಕದಲ್ಲಿ ಮೂರು ಸಾಕು. ಬಿಳಿಯ ತಳಬಣ್ಣಕ್ಕೆ ಅರ್ಧ ಅಂಗುಲದ ಚಪ್ಪಟೆ ಕುಂಚ, ಎಷ್ಟು ಅಗ್ಗವಾದರೂ ಸರಿ. ಬಟ್ಟೆ, ಕುದುರೆ, ಸಿಂಹಾಸನಕ್ಕೆ ಮೂರು ನಂಬರಿನದು. ಉಳಿದುದಕ್ಕೆಲ್ಲ ನೀರಿನಲ್ಲಿ ಪರೀಕ್ಷೆ ಮಾಡಿ ಆರಿಸಿದ ಒಂದು ನಂಬರಿನದು. ಕೈಯಲ್ಲಿ ರೊಕ್ಕ ಉಳಿದರೆ ಎರಡು ಸೊನ್ನೆಯದೊಂದನ್ನು ಕಣ್ಣಿನ ಬೊಟ್ಟಿಗೆಂದು ತಂದುಕೊಳ್ಳಿರಿ. ಬೊಟ್ಟಿಗೆ ಬೆಂಕಿಪೆಟ್ಟಿಗೆಯ ಕಡ್ಡಿಯನ್ನು ಚೂಪಾಗಿ ಕೆತ್ತಿ ಅದ್ದಿಟ್ಟರೂ ನಡೆಯುತ್ತದೆ. ಬಣ್ಣ ಕಲಸಲು ಒಳ್ಳೆಯ ಕುಂಚವನ್ನು ಮುಟ್ಟಬೇಡಿರಿ, ಅದಕ್ಕೆ ಐಸ್‌ಕ್ರೀಮಿನ ಕಡ್ಡಿ ಇದೆ.

ಮೊನೆ ಮಾಡಲು ಕುಂಚವನ್ನು ತುಟಿಗೆ ಇಡುವ ಅಭ್ಯಾಸ ನಮ್ಮ ಹುಡುಗರಲ್ಲಿ ಬಹಳ. ಇದರ ಬಗ್ಗೆ ಒಂದು ನಡೆದ ಸಂಗತಿ ಹೇಳುತ್ತೇನೆ. ಅಮೆರಿಕದ ನ್ಯೂ ಜೆರ್ಸಿಯಲ್ಲಿ 1917ರಿಂದ ಮುಂದೆ, ಕತ್ತಲಲ್ಲಿ ಹೊಳೆಯುವ ಗಡಿಯಾರದ ಅಂಕಿಗಳನ್ನು ಬರೆಯುವ ಕಾರಖಾನೆಯಲ್ಲಿ ನೂರಾರು ತರುಣಿಯರು ಕೆಲಸಕ್ಕಿದ್ದರು. ಅವರ ಬಣ್ಣದಲ್ಲಿ ರೇಡಿಯಂ ಇತ್ತು. ಅಂಕಿಗಳು ಚಿಕ್ಕವು, ಮೊನೆ ಕೆಟ್ಟಾಗಲೆಲ್ಲ ತುಟಿಯಿಂದ ಚೂಪು ಮಾಡಿಕೊಳ್ಳಿರೆಂದು ಮೇಲಿನವರೇ ಕಲಿಸಿದ್ದರು. ರೇಡಿಯಂ ಸುಣ್ಣದಂತೆಯೇ ಎಲುಬಿನಲ್ಲಿ ಸೇರಿ ಕೂಡ್ರುತ್ತದೆ. ಕೆಲವು ವರ್ಷಗಳಲ್ಲಿ ಅವರ ಹಲ್ಲುಗಳು ಉದುರಿದವು, ದವಡೆಯ ಎಲುಬು ಕೊಳೆಯಿತು, ಹಲವರು ಸತ್ತರು. 1927ರಲ್ಲಿ ಐವರು ಸ್ತ್ರೀಯರು ನ್ಯಾಯಾಲಯಕ್ಕೆ ಹೋದರು. ಮರುವರ್ಷ ಪರಿಹಾರ ಕೊಟ್ಟು ರಾಜಿಯಾಯಿತು. ನಮ್ಮ ಬಣ್ಣದ ಡಬ್ಬಿಯಲ್ಲಿ ರೇಡಿಯಂ ಇಲ್ಲ, ಸರಿ. ಆದರೆ ಕೆಲವು ಹಳದಿ, ಕಿತ್ತಳೆ ಬಣ್ಣಗಳಲ್ಲಿ ಸೀಸದ ಇಲ್ಲವೆ ಕ್ಯಾಡ್ಮಿಯಮ್ಮಿನ ಅಂಶವಿರುವುದುಂಟು. ಮೊನೆ ಮಾಡಲು ಒದ್ದೆ ಬಟ್ಟೆಯ ಚೂರಿನ ಮೇಲೆ ಕುಂಚವನ್ನು ಹೊರಳಿಸುತ್ತ ಎಳೆದರೆ ಸಾಕು, ತುಟಿಗಿಂತ ಚೆನ್ನಾಗಿ ಕೂಡುತ್ತದೆ.

ಕುಂಚ ಕೆಡುವುದು ಮೊನೆಯಿಂದಲ್ಲ, ಬುಡದಿಂದ. ಬಣ್ಣ ಕೊಳವೆಯೊಳಗೆ ಏರಿ ಆರಿದರೆ ಕೂದಲುಗಳನ್ನು ಬೆಣೆಯಂತೆ ಅಗಲಿಸುತ್ತದೆ. ಆಮೇಲೆ ಯಾವ ಉಪಾಯದಿಂದಲೂ ಮೊನೆ ಕೂಡದು. ಆದ್ದರಿಂದ ಕೂದಲಿನ ಅರ್ಧಕ್ಕಿಂತ ಮೇಲೆ ಅದ್ದಬಾರದು. ನೀರಿನ ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಿ ಊಟಕ್ಕೆ ಹೋಗಬಾರದು, ಹಾಗೆ ಮಾಡಿದರೆ ಅರ್ಧ ತಾಸಿನಲ್ಲಿ ಮೊನೆ ಬಾಗಿರುತ್ತದೆ. ಕೆಲಸ ಮುಗಿದ ಮೇಲೆ ತಣ್ಣೀರಿನಲ್ಲಿ ತೊಳೆದು, ಅಂಗೈಯಲ್ಲಿ ಸ್ವಲ್ಪ ಸಾಬೂನು ಉಜ್ಜಿ, ನೊರೆಯಲ್ಲಿ ಬಣ್ಣ ಕಾಣದಾಗುವವರೆಗೆ ಮೆಲ್ಲಗೆ ತಿರುಗಿಸಬೇಕು. ಬೆರಳಿನಿಂದ ಮೊನೆ ತೀಡಿ, ಮಲಗಿಸಿ ಒಣಗಿಸಿ, ಒಣಗಿದ ಮೇಲೆ ಕೂದಲು ಮೇಲಾಗಿ ನಿಲ್ಲಿಸಬೇಕು. ಒದ್ದೆ ಇರುವಾಗಲೇ ನಿಲ್ಲಿಸಿದರೆ ನೀರು ಕೊಳವೆಗೆ ಇಳಿದು ಅಂಟು ಸಡಿಲಾಗುತ್ತದೆ. ಮನೆಯಲ್ಲಿ ಹಿರಿಯರ ಕಾಲದ ಕೂದಲಿನ ಕುಂಚಗಳಿದ್ದರೆ ಮುಚ್ಚಿದ ಡಬ್ಬಿಯಲ್ಲಿ ಒಣಗಿದ ಬೇವಿನ ಎಲೆ ಹಾಕಿಡಿರಿ, ನುಸಿ ಬಹಳ ಪ್ರೀತಿಯಿಂದ ಅವನ್ನು ತಿನ್ನುತ್ತದೆ.

ಮೊನೆ ಹೋದ ಕುಂಚವನ್ನು ಎಸೆಯಬೇಡಿರಿ. ಕಿಲ್ಲೆಯ ಗೋಡೆಗೆ ಕಲ್ಲಿನ ಬಣ್ಣ ಬರಬೇಕಾದರೆ ಆರಿದ ಕಪ್ಪು ತಳದ ಮೇಲೆ ಬೂದುಬಣ್ಣವನ್ನು ಬಹುತೇಕ ಒರೆಸಿಹಾಕಿದ ಕುಂಚದಿಂದ ಸುಮ್ಮನೆ ಸವರಬೇಕು. ಉಬ್ಬಿದ ಕಲ್ಲುಗಳಿಗೆ ಮಾತ್ರ ಬಣ್ಣ ಹತ್ತಿ ಸಂದುಗಳು ಕಪ್ಪಾಗಿಯೇ ಉಳಿಯುತ್ತವೆ. ಆ ಕೆಲಸಕ್ಕೆ ಹೊಸ ಕುಂಚಕ್ಕಿಂತ ಕೆದರಿದ ಹಳೆಯದೇ ಚೆನ್ನು.